ನೆಲದೊಳಗಿನ ಜೇನುಗೂಡು

ಜೇನು ಎಂದೊಡನೆ ಕೊಂಬೆಯಲ್ಲಿ ತೂಗುವ ಹುಟ್ಟು ನೆನಪಾಗುತ್ತದೆ. ಆದರೆ ಜಗತ್ತಿನ 20,000ಕ್ಕೂ ಹೆಚ್ಚು ಬಗೆಯ ಜೇನುಗಳಲ್ಲಿ ಬಹುಪಾಲು ಗೂಡು ಮಾಡುವುದು ಮಣ್ಣಿನಲ್ಲಿ, ಅದೂ ಹೆಚ್ಚಾಗಿ ಒಂಟಿಯಾಗಿ. ತಾಯಿ ಬಿಲ ತೋಡಿ, ಪುಟ್ಟ ಕೋಣೆಯಲ್ಲಿ ಪರಾಗದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ.

ಇದನ್ನು ನೋಡುವುದು ಹೇಗೆ? ನೇರವಾಗಿ ಗುದ್ದಲಿ ಹಾಕಿದರೆ ಸುರಂಗ ಕುಸಿದು ಮಣ್ಣಿನಲ್ಲಿ ಮಣ್ಣಾಗುತ್ತದೆ. ಆದ್ದರಿಂದ ತಜ್ಞರು ರಬ್ಬರ್ ಬುರುಡೆಯಿಂದ ಬಿಲದೊಳಕ್ಕೆ ಟಾಲ್ಕಂ ಪುಡಿ ಊದುತ್ತಾರೆ. ಬಳಿಕ ಪಕ್ಕದಲ್ಲಿ ಗುಂಡಿ ತೆಗೆದು, ಚಾಕುವಿನಿಂದ ತೆಳುವಾಗಿ ಮಣ್ಣು ಕೆರೆಯುತ್ತ ಬಿಳಿ ಗೆರೆಯ ಜಾಡು ಹಿಡಿಯುತ್ತಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುವುದೂ ಉಂಟು. ತಾಯಿ ಮಣ್ಣು ತುಂಬಿ ಮುಚ್ಚಿದ ಕವಲುಗಳಿಗೆ ಮಾತ್ರ ಎರಡೂ ಇಳಿಯವು. ಅಲ್ಲಿ ತಾಳ್ಮೆಯೊಂದೇ ಉಪಕರಣ! ಹೀಗೆ ಅಗೆದ ಗೂಡು ಹಾಳಾಗುತ್ತದೆ. ಮಕ್ಕಳು ದಾರದಿಂದ ಒಂದು ಚದರ ಮೀಟರ್ ಗುರುತಿಸಿ ರಂಧ್ರಗಳನ್ನು ಎಣಿಸಿದರೆ ಸಾಕು.

ಆದರೆ ರಂಧ್ರದ ಲೆಕ್ಕ ಎಲ್ಲರಿಗೂ ಸಾಲದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟೂಶಿ ಕಣಿವೆಯಲ್ಲಿ ಕುದುರೆಮಸಾಲೆಯ ಬೀಜ ಬೆಳೆಯುವವರು ಚೌಳು ನೆಲದ ಜೇನನ್ನೇ ನೆಚ್ಚಿದ್ದಾರೆ. ಆ ಹೂವಿನ ಕೇಸರದ ಕಂಬ ಬಂದವರ ತಲೆಗೆ ಚಿಮ್ಮಿ ಬಡಿಯುತ್ತದೆ. ಪೆಟ್ಟಿಗೆಯ ಜೇನು ಅದನ್ನು ತಪ್ಪಿಸಿಕೊಳ್ಳುತ್ತದೆ, ಚೌಳು ಜೇನು ಲೆಕ್ಕಿಸದು. ರೈತರು ಅದಕ್ಕಾಗಿ ನೆಲವನ್ನೇ ಮೀಸಲಿಟ್ಟು, ಒಳಗಿನಿಂದ ನೀರುಣಿಸಿ, ಮೇಲೆ ಉಪ್ಪು ಹರಡುತ್ತಾರೆ. ಮರಿಗಳು ಚಳಿಗಾಲವನ್ನು ಕೋಣೆಯಲ್ಲೇ ಕಳೆಯುವುದರಿಂದ, ಆಗ ಮಣ್ಣಿನ ಹೆಂಟೆ ತೆಗೆದು ಬಿಡಿಸಿ ಬದುಕಿದವೆಷ್ಟು, ಬೂಷ್ಟು ಹಿಡಿದವೆಷ್ಟು ಎಂದು ಎಣಿಸಬಹುದು. ಬೇಸಿಗೆಯಲ್ಲಿ ಹೂವಿಗೆ ಬರುವವರ ಅಂದಾಜು ಹೊಲ ಅರಳುವ ಮೊದಲೇ ಸಿಗುತ್ತದೆ.