ಕೈಮರದ ಮಾತು

ಇಂಗ್ಲಿಷಿನ ‘ಕ್ರೂಷಿಯಲ್’ ಎಂಬ ವಿಶೇಷಣಕ್ಕೆ ‘ಬಹಳ ಮುಖ್ಯವಾದ’ ಎಂದು ನಾನು ಅನೇಕ ವರ್ಷ ತರಗತಿಯಲ್ಲಿ ಅರ್ಥ ಹೇಳಿದ್ದೇನೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಹಾಗಾದರೆ ‘ವೆರಿ ಇಂಪಾರ್ಟೆಂಟ್’ ಎಂದೇ ಬರೆಯಬಹುದಲ್ಲ ಸಾರ್, ಈ ಮಾತು ಏಕೆ ಬೇಕು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ, ನಾಳೆ ಹೇಳುತ್ತೇನೆಂದು ಕುಳ್ಳಿರಿಸಿದೆ. ಆ ಸಾಲವನ್ನು ತೀರಿಸಹೊರಟಾಗ, ಅಷ್ಟು ದಿನವೂ ನಾನು ಮಾತಿನ ಸಿಪ್ಪೆಯನ್ನಷ್ಟೇ ಹಂಚಿದ್ದೆನೆಂಬುದು ತಿಳಿಯಿತು.

ಈ ಮಾತಿನ ಬೇರು ಲ್ಯಾಟಿನ್ನಿನ ‘ಕ್ರಕ್ಸ್’, ಎಂದರೆ ಶಿಲುಬೆ. 18ನೆಯ ಶತಮಾನದ ಆರಂಭದಲ್ಲಿ ಇದು ಇಂಗ್ಲಿಷ್ ವೈದ್ಯರ ಬಾಯಲ್ಲಿ ‘ಶಿಲುಬೆಯ ಆಕಾರದ’ ಎಂಬಷ್ಟೇ ಅರ್ಥದಲ್ಲಿತ್ತು. ಇದಕ್ಕೆ ಘನತೆ ಬಂದದ್ದು ಬೇರೊಂದು ದಾರಿಯಿಂದ. ಫ್ರಾನ್ಸಿಸ್ ಬೇಕನ್ 1620ರ ತನ್ನ ‘ನೋವಮ್ ಆರ್ಗನಮ್’ ಗ್ರಂಥದಲ್ಲಿ, ಎರಡು ವಿವರಣೆಗಳ ನಡುವೆ ಬುದ್ಧಿಯು ತೂಗಾಡುವಾಗ ಯಾವುದು ನಿಜವೆಂದು ತೋರಿಸಿಕೊಡುವ ನಿದರ್ಶನಕ್ಕೆ ‘ಕ್ರಕ್ಸಿನ ನಿದರ್ಶನ’ವೆಂದು ಹೆಸರಿಟ್ಟ. ಅವನ ಮನಸ್ಸಿನಲ್ಲಿದ್ದದ್ದು ಕವಲುದಾರಿಯಲ್ಲಿ ನೆಟ್ಟು ಹಾದಿ ತೋರಿಸುವ ಶಿಲುಬೆಗಂಬ. ನಮ್ಮ ಕೈಮರವೇ ಅದು! ಚಿಕ್ಕಮಗಳೂರಿನ ಬಳಿಯ ಕೈಮರ, ಮಂಗಳೂರಿನ ಕಡೆಯ ಕೈಕಂಬ ಎಂಬ ಊರ ಹೆಸರುಗಳಲ್ಲಿ ಅದು ಇಂದಿಗೂ ನಿಂತಿದೆ.

ಬೇಕನ್ನನ ಮಾತನ್ನು ರಾಬರ್ಟ್ ಹುಕ್ 1665ರಲ್ಲಿ ‘ಕ್ರಕ್ಸಿನ ಪ್ರಯೋಗ’ವೆಂದು ತಿದ್ದಿದ, 1672ರಲ್ಲಿ ನ್ಯೂಟನ್ ಅದನ್ನು ತನ್ನದಾಗಿಸಿಕೊಂಡ. ಗಾಜಿನ ಪಟ್ಟಕವು ಬಿಳಿಯ ಬೆಳಕಿಗೆ ಬಣ್ಣ ಕೊಡುತ್ತದೆಯೋ, ಅದರಲ್ಲಿ ಮೊದಲೇ ಇರುವ ಬಣ್ಣಗಳನ್ನು ಬೇರ್ಪಡಿಸುತ್ತದೆಯೋ? ಒಂದು ಪಟ್ಟಕದಿಂದ ಹೊರಬಂದ ಒಂದೇ ಬಣ್ಣದ ಕಿರಣವನ್ನು ಅವನು ಇನ್ನೊಂದರೊಳಗೆ ಹಾಯಿಸಿದ. ಹೊಸ ಬಣ್ಣ ಹುಟ್ಟಲಿಲ್ಲ. ಕೈಮರವು ಒಂದು ದಾರಿಯನ್ನು ತೋರಿಸಿತು. ಈ ‘ನಿರ್ಣಯಿಸುವ’ ಅರ್ಥವೇ 19ನೆಯ ಶತಮಾನದಲ್ಲಿ ‘ಕ್ರೂಷಿಯಲ್’ ಎಂಬ ವಿಶೇಷಣಕ್ಕೆ ಇಳಿದು ಬಂದಿತು.

ಮುಖ್ಯವಾದುದೆಲ್ಲವೂ ನಿರ್ಣಾಯಕವಲ್ಲ. ಕಾಫಿ ಗಿಡಕ್ಕೆ ಮಳೆಗಾಲದ ಮಳೆ ಮುಖ್ಯ. ಆದರೆ ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆ ನಿರ್ಣಾಯಕ. ಅದು ಬಂದರೆ ಒಂದು ಫಸಲು, ಬಾರದಿದ್ದರೆ ಇನ್ನೊಂದು. ಕವಲು ಇಲ್ಲದ ಕಡೆ ಕೈಮರಕ್ಕೇನು ಕೆಲಸ? ನಮ್ಮ ‘ನಿರ್ಣಾಯಕ’ವೂ ಈ ಗುಟ್ಟನ್ನು ಬಲ್ಲುದು. ಅದರೊಳಗಿನ ‘ನೀ’ ಧಾತುವಿಗೆ ಕರೆದೊಯ್ಯು ಎಂದೇ ಅರ್ಥ. ‘ಮುಖ್ಯ’ವಾದರೋ ಮುಖದಿಂದ ಹುಟ್ಟಿದ್ದು, ಮುಂದೆ ನಿಲ್ಲುವಂಥದು. ಮುಂದೆ ನಿಂತವರೆಲ್ಲ ದಾರಿ ತೋರಿಸುವವರಲ್ಲ.

ಮಾತು ಸವೆಯುವುದು ಸಹಜ, ನಿಘಂಟುಗಳೇ ‘ಅತಿ ಮುಖ್ಯ’ವೆಂಬ ಅರ್ಥವನ್ನು ಒಪ್ಪಿವೆಯಲ್ಲ ಎಂದು ಕೆಲವರು ಹೇಳಿಯಾರು. ನಿಜ, ಹಾಗೆ ಬರೆದವರ ಅಂಕ ಕಳೆಯಲು ನಾನೂ ಒಪ್ಪೆನು. ಆದರೆ ಪ್ರತಿಯೊಂದು ಸಭೆ, ಪ್ರತಿಯೊಂದು ಭಾಷಣ, ಪ್ರತಿಯೊಂದು ಪರೀಕ್ಷೆಯೂ ನಿರ್ಣಾಯಕವೆಂದು ದಿನವೂ ಓದುವವನು, ನಿಜವಾದ ಕವಲು ಎದುರಾದ ದಿನ ಅದನ್ನು ಗುರುತಿಸುವುದಾದರೂ ಹೇಗೆ? ದಾರಿಯುದ್ದಕ್ಕೂ ಕೈಮರ ನೆಟ್ಟರೆ ಅದು ಬೇಲಿಯಾದೀತು.

ಮರುದಿನ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನ ಪ್ರಶ್ನೆ ನಾನು ಪಾಠ ಹೇಳುವ ಬಗೆಯನ್ನೇ ಬದಲಿಸಿತು. ಅಂದಿನಿಂದ ನಾನು ಮಾತಿಗೆ ಮಾತನ್ನು ಅರ್ಥವಾಗಿ ಕೊಟ್ಟು ಸುಮ್ಮನಾಗುವುದಿಲ್ಲ. ಎರಡು ದಾರಿ ಎಲ್ಲಿ ಬೇರಾಗುತ್ತವೆಂದು ತೋರಿಸಲು ಯತ್ನಿಸುತ್ತೇನೆ.