ಬಟ್ಟೆಗಿಂತ ಮೊದಲು ಕೊಕ್ಕೆ ನೋಡಿ



ಸೀರೆ ಕೊಳ್ಳುವಾಗ ಸೆರಗನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡುವುದು ನಮ್ಮಂಥವರ ಅಭ್ಯಾಸ. ಮೂರು ಮಳೆಗಾಲದ ಹಿಂದೆ ಮಗಳ ಸೈಕಲ್ಲಿಗೆ ಚೀಲ ಆರಿಸುವಾಗಲೂ ಹಾಗೆಯೇ ಮಾಡಿದೆ. ಬಟ್ಟೆ ದಪ್ಪ, ಹೊಲಿಗೆ ಗಟ್ಟಿ. "ಹತ್ತು ವರ್ಷಕ್ಕೆ ಮೋಸವಿಲ್ಲ" ಎಂದು ತೀರ್ಪು ಕೊಟ್ಟೆ. ಎರಡನೇ ತಿಂಗಳಲ್ಲೇ ಕಾಚಿಗುಡದ ಹತ್ತಿರ ಸ್ಪೀಡ್ ಬ್ರೇಕರ್ ಮೇಲೆ ಸೈಕಲ್ ಕುಪ್ಪಳಿಸಿದಾಗ ಚೀಲ ಕಳಚಿ, ಅದರ ಪಟ್ಟಿ ಹಿಂದಿನ ಚಕ್ರದ ಸ್ಪೋಕುಗಳಿಗೆ ಸಿಕ್ಕಿತು. ಚಕ್ರ ಗಕ್ಕನೆ ನಿಂತಿತು, ಹುಡುಗಿ ಬಿದ್ದಳು. ಹಿಂದಿದ್ದ ಬಸ್ಸಿನ ಚಾಲಕ ಸಮಯಕ್ಕೆ ಬ್ರೇಕ್ ಹಾಕಿದ. ಮೊಣಕೈಗೆ ನಾಲ್ಕು ಹೊಲಿಗೆಯಲ್ಲಿ ಮುಗಿಯಿತು. ಮನೆಗೆ ಬಂದು ಚೀಲ ನೋಡಿದರೆ ಒಂದೆಳೆಯೂ ಹರಿದಿರಲಿಲ್ಲ. ಮುರಿದದ್ದು ಕೊಕ್ಕೆ!

ಇಂಥ ಚೀಲಕ್ಕೆ ಇಂಗ್ಲಿಷಿನಲ್ಲಿ ಪ್ಯಾನಿಯರ್ ಎನ್ನುತ್ತಾರೆ. ರೊಟ್ಟಿಯ ಬುಟ್ಟಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನಮ್ಮಲ್ಲಿ ಇನ್ನೂ ಚೆಂದದ ಮಾತಿದೆ: ಹಸುಬೆ. ಎತ್ತಿನ ಬೆನ್ನಿನ ಎರಡೂ ಪಕ್ಕಕ್ಕೆ ಇಳಿಬಿಡುವ ಜೋಡಿ ಚೀಲ. ತೂಕ ಎರಡೂ ಕಡೆ ಸಮವಾಗಿದ್ದರೆ ಮಾತ್ರ ಅದು ನಿಲ್ಲುತ್ತದೆ. ಸೈಕಲ್ಲಿಗೂ ಅದೇ ನ್ಯಾಯ: ಎರಡು ಚೀಲ, ಸಮ ತೂಕ, ಭಾರದ ಸಾಮಾನು ತಳದಲ್ಲಿ.

ಕೊಳ್ಳುವಾಗ ಮೊದಲು ಕ್ಯಾರಿಯರ್ ನೋಡಿ. ಎಷ್ಟು ಕಿಲೋ ಹೊರಬಲ್ಲದೆಂದು ಹಲವು ಕ್ಯಾರಿಯರುಗಳ ಮೇಲೆಯೇ ಅಚ್ಚಾಗಿರುತ್ತದೆ. ಆಮೇಲೆ ಕೊಕ್ಕೆ. ಅದು ಕ್ಯಾರಿಯರಿನ ಸರಳನ್ನು ಬಿಗಿಯಾಗಿ ಹಿಡಿಯಬೇಕು. ಸಡಿಲವಾದರೆ ಪ್ರತಿ ಗುಂಡಿಯಲ್ಲೂ ಅಲುಗಾಡಿ ಸವೆಯುತ್ತದೆ. ಕೆಳಗೂ ಒಂದು ಹಿಡಿತವಿರಬೇಕು. ಅದಿಲ್ಲದ ಚೀಲ ಚಕ್ರದತ್ತ ತೂಗಾಡುತ್ತದೆ. ಬೆನ್ನಿಗೆ ಗಡುಸಾದ ಹಲಗೆ ಇರಲಿ. ಕೊಕ್ಕೆಗಳು ಸ್ಕ್ರೂ ಹಾಕಿ ಕೂರಿಸಿದವಾದರೆ ಮುರಿದಾಗ ಬದಲಿಸಬಹುದು. ಅಂಟಿಸಿದ್ದರೆ ಕೊಕ್ಕೆಯೊಂದಿಗೆ ಚೀಲವೂ ಹೋಯಿತು.

ಬಟ್ಟೆಯ ಸರದಿ ಇನ್ನು ಬರಲಿ. ಚೀಟಿಯಲ್ಲಿ 1,000 ಡೆನಿಯರ್ ಎಂದಿದ್ದರೆ 9,000 ಮೀಟರ್ ನೂಲಿನ ತೂಕ 1,000 ಗ್ರಾಂ ಎಂದರ್ಥ; ಅಂಕಿ ಹೆಚ್ಚಿದಷ್ಟೂ ನೂಲು ದಪ್ಪ. ಜರ್ಮನಿಯ ಹಾರ್ಟ್‌ಮುಟ್ ಓರ್ಟ್ಲೀಬ್ ಲಾರಿಗೆ ಹೊದಿಸುವ ಟಾರ್ಪಾಲಿನನ್ನೇ ಕತ್ತರಿಸಿ ಚೀಲ ಹೊಲಿದರು. 1982ರಲ್ಲಿ ಶುರುವಾದ ಅವರ ಕಂಪನಿ ಬೆಳೆದದ್ದು ಆ ಉಪಾಯದಿಂದಲೇ. ನಮ್ಮ ಮಳೆಗೆ ಅಂಥದ್ದೇ ಬೇಕು. ಧೂಳು ತುಂಬಿ ಬೇಗ ಕೆಡುವ ಜಿಪ್ಪಿಗಿಂತ ಬಾಯಿಯನ್ನು ಮೂರು ಸುತ್ತು ಮಡಚಿ ಕಟ್ಟುವ ಚೀಲ ಒಳ್ಳೆಯದು.

ಅಂಗಡಿಯಲ್ಲೇ ಚೀಲಕ್ಕೆ ತೂಕ ತುಂಬಿ, ಸಿಕ್ಕಿಸಿ, ಸೈಕಲನ್ನು ಎತ್ತಿ ಕುಕ್ಕಿ ನೋಡಿ. ಪೆಡಲ್ ತುಳಿಯುವಾಗ ಹಿಮ್ಮಡಿ ತಗುಲಬಾರದು. ಅಂಗಡಿಯವರು ನಕ್ಕರೆ ನಗಲಿ.

ನಮ್ಮೂರಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೌರಫಲಕಗಳ ಚಾವಣಿಯಿರುವ 23 ಕಿಲೋಮೀಟರ್ ಸೈಕಲ್ ಹಾದಿ 2023ರಲ್ಲಿ ತೆರೆಯಿತು. ಸಂತೋಷವೇ. ಆದರೆ ಕಾಲೇಜಿಗೆ, ಕೆಲಸಕ್ಕೆ, ತರಕಾರಿಗೆ ನೀವು ಹೋಗುವ ದಾರಿಗೆ ಚಾವಣಿಯಿಲ್ಲ. ಗುಂಡಿಗಳಿವೆ, ಹಿಂದೆ ಬಸ್ಸುಗಳಿವೆ. ಎಲ್ಲ ಚಾಲಕರೂ ಅಂದಿನವನಷ್ಟು ಎಚ್ಚರದಿಂದಿರುವುದಿಲ್ಲ.

ಮಗಳು ಮತ್ತೆ ಸೈಕಲ್ ಏರಿದ್ದಾಳೆ, ಹೊಸ ಚೀಲವನ್ನು ಅವಳೇ ಆರಿಸಿದಳು. ಹಳೆಯದನ್ನು ನಾನು ಎಸೆದಿಲ್ಲ. ಬಟ್ಟೆ ಗಟ್ಟಿ ಎಂದಿದ್ದೆನಲ್ಲ, ಅದರಲ್ಲೀಗ ಈರುಳ್ಳಿ ತುಂಬಿಟ್ಟಿದ್ದೇನೆ!