ಹಸಿರು ಬಣ್ಣದ ಅಂಕಿ

ಬ್ಲಾಗ್ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. "ಇದೀಯೋ ಇಲ್ವೋ ಮಾರಾಯ" ಅಂತ ಒಂದಿಬ್ಬರು ಬ್ಲಾಗಿಗ ಮಿತ್ರರು ಮೆಯಿಲ್ ಮಾಡಿ ಕೇಳಿದ್ರು. ಇದ್ದೀನಿ. ಪೀಣ್ಯದ ಒಂದು ಫ್ಯಾಕ್ಟರಿಗೆ ಸಾಫ್ಟ್‌ವೇರ್ ಹಾಕೋ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಇವತ್ತು ಅದರದ್ದೇ ಕಥೆ. ನಡುವೆ ಸ್ವಲ್ಪ ಲೆಕ್ಕ ಬರುತ್ತೆ, ಹೆದರಿ ಓಡಿಹೋಗಬೇಡಿ :-)

ಕೆಲಸ ಇಷ್ಟೇ. ಸಿಎನ್‌ಸಿ ಮಿಷನ್‌ಗಳಿಂದ ಸಿಗ್ನಲ್ ತಗೊಂಡು, ಪ್ರತಿ ಮಿಷನ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅನ್ನೋದನ್ನ ಗೋಡೆ ಮೇಲಿನ ದೊಡ್ಡ ಟಿವಿಯಲ್ಲಿ ತೋರಿಸಬೇಕು. 85ಕ್ಕಿಂತ ಮೇಲಿದ್ರೆ ಹಸಿರು, 70ಕ್ಕಿಂತ ಕೆಳಗಿದ್ರೆ ಕೆಂಪು, ನಡುವೆ ಹಳದಿ. ಆ ಅಂಕಿಯ ಹೆಸರು ಓಇಇ, ಅಂದ್ರೆ ಓವರಾಲ್ ಇಕ್ವಿಪ್‌ಮೆಂಟ್ ಎಫೆಕ್ಟಿವ್‌ನೆಸ್. ಇದನ್ನ ಜಗತ್ತಿಗೆ ಹಬ್ಬಿಸಿದವರು ಜಪಾನಿನ ಸೆಯಿಚಿ ನಕಾಜಿಮಾ. ಟಿಪಿಎಂ ಬಗ್ಗೆ ಅವರು ಬರೆದ ಪುಸ್ತಕ 1988ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಎಲ್ಲಾ ಕಡೆ ಇದೇ ಮಾತು.

ಲೆಕ್ಕ ಬಹಳ ಸುಲಭ. ಎಂಟು ಗಂಟೆ ಶಿಫ್ಟು, ಅಂದ್ರೆ 480 ನಿಮಿಷ. ಊಟಕ್ಕೆ 30 ನಿಮಿಷ ತೆಗೀರಿ, ಉಳಿದಿದ್ದು 450. ಮಿಷನ್ 45 ನಿಮಿಷ ನಿಂತಿತ್ತು ಅನ್ಕೊಳ್ಳಿ. ಓಡಿದ್ದು 405, ಅಂದ್ರೆ ನೂರಕ್ಕೆ 90. ನಿಮಿಷಕ್ಕೊಂದು ಪೀಸ್ ಬರಬೇಕಿತ್ತು, 405ರ ಜಾಗದಲ್ಲಿ 360 ಬಂತು. ಹೆಚ್ಚುಕಮ್ಮಿ 89. ಅದರಲ್ಲಿ ಸರಿಯಿದ್ದದ್ದು 342, ಅಂದ್ರೆ 95. ಮೂರನ್ನೂ ಗುಣಿಸಿದ್ರೆ 76. ಇನ್ನೂ ಸರಳವಾಗಿ ಹೇಳೋದಾದ್ರೆ, 450 ಒಳ್ಳೆ ಪೀಸ್ ಬರಬೇಕಾದ ಕಡೆ 342 ಬಂತು. ಅಷ್ಟೇ.

ಇದು ಒಳ್ಳೆ ಲೆಕ್ಕ, ನಾನು ಬೈಯೋದಿಲ್ಲ. ಮಿಷನ್ ಕೆಟ್ಟು ನಿಲ್ಲೋದು, ಸೆಟ್ಟಿಂಗ್ ಬದಲಾಯಿಸೋಕೆ ಹೋಗೋ ಹೊತ್ತು, ಒಂದೆರಡು ನಿಮಿಷದ ಸಣ್ಣ ಸಣ್ಣ ನಿಲುಗಡೆ, ನಿಧಾನವಾಗಿ ಓಡಿಸೋದು, ರಿಜೆಕ್ಷನ್, ಶುರುವಿನಲ್ಲಿ ಹಾಳಾಗೋ ಪೀಸ್‌ಗಳು. ಈ ಆರು ನಷ್ಟಗಳನ್ನ ಹುಡುಕೋಕೆ ಅಂತಲೇ ನಕಾಜಿಮಾ ಇದನ್ನ ಬಳಸಿದ್ದು. ಡಾಕ್ಟರ ಥರ್ಮಾಮೀಟರ್ ಇದ್ದ ಹಾಗೆ.

ತೊಂದರೆ ಶುರುವಾದದ್ದು ಥರ್ಮಾಮೀಟರಿಗೂ ಸಂಬಳಕ್ಕೂ ಗಂಟು ಹಾಕಿದಾಗ. ಟಿವಿ ಹಾಕಿ ಒಂದು ತಿಂಗಳಿಗೆ ಮ್ಯಾನೇಜರ್ ಕರೆದು, "ಆಪರೇಟರ್ ಹೆಸರಿನ ಪ್ರಕಾರ ರಿಪೋರ್ಟ್ ಬರುತ್ತಾ? ಇನ್ಸೆಂಟಿವ್ ಅದರ ಮೇಲೆ ಕೊಡೋಣ ಅಂತ" ಅಂದ್ರು. ನಾನು ಅರ್ಧ ಗಂಟೆಯಲ್ಲಿ ಕ್ವೆರಿ ಬರೆದುಕೊಟ್ಟು ಶಭಾಷ್ ಅನ್ನಿಸಿಕೊಂಡೆ. ಆ ಅರ್ಧ ಗಂಟೆ ಬಗ್ಗೆ ಇವತ್ತಿಗೂ ನಾಚಿಕೆ ಇದೆ.

ಆಮೇಲೆ ಅಂಕಿಗಳು ಏರತೊಡಗಿದವು. ಎಲ್ಲರಿಗೂ ಖುಷಿ. ನಾನು ಡೇಟಾ ತೆಗೆದು ನೋಡಿದೆ. ಮಿಷನ್ ಕೆಟ್ಟು ನಿಂತ ಹೊತ್ತೆಲ್ಲಾ 'ಪ್ಲಾನ್ಡ್ ಸ್ಟಾಪ್' ಅಂತ ಎಂಟ್ರಿ ಆಗಿತ್ತು. ಮೇಲಿನ ಉದಾಹರಣೆಯಲ್ಲೇ ಆ 45 ನಿಮಿಷಾನ ಮೊದಲೇ ಕಳೆದುಬಿಡಿ: 342ನ್ನು 405ರಿಂದ ಭಾಗಿಸಿದ್ರೆ 84 ದಾಟುತ್ತೆ. ಒಂದು ಪೀಸೂ ಜಾಸ್ತಿ ಬಂದಿಲ್ಲ! ಇನ್ನೊಂದು ಕಡೆ ಸೂಪರ್‌ವೈಸರ್ ಒಬ್ಬರು ಪೀಸಿಗೆ 60 ಸೆಕೆಂಡ್ ಇದ್ದ ಟೈಮನ್ನ 65 ಮಾಡಿಸಿಕೊಂಡಿದ್ರು. ಆ ಐದು ಸೆಕೆಂಡಿಗೇ 76 ಹೋಗಿ 82 ಆಗುತ್ತೆ. ಎರಡೂ ಸೇರಿದ್ರೆ 91. ಜಪಾನಿನವರನ್ನೂ ಮೀರಿಸಿದ ಹಾಗೆ! ಮತ್ತೆ ಕೆಲವರು ಸೆಟ್ಟಿಂಗ್ ಬದಲಾಯಿಸಿದ್ರೆ ಅಂಕಿ ಬೀಳುತ್ತೆ ಅಂತ ಬೇಡದ ಪೀಸನ್ನೇ ಒಂದೇ ಸಮನೆ ಹೊಡೆದು ರಾಶಿ ಹಾಕಿದ್ರು. ಬೇಕಾದ್ದಕ್ಕಿಂತ ಹೆಚ್ಚು ಮಾಡೋದೇ ಎಲ್ಲಕ್ಕಿಂತ ಕೆಟ್ಟ ನಷ್ಟ ಅಂತ ಟೊಯೋಟಾದ ತೈಚಿ ಓನೋ ಹೇಳಿದ್ದು. ನಮ್ಮ ಟಿವಿಯಲ್ಲಿ ಅದಕ್ಕೆ ಹಸಿರು ಬಣ್ಣ.

ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ.

ಅಲ್ಲೊಬ್ಬರು ಹಿರಿಯ ಆಪರೇಟರ್ ಇದ್ದಾರೆ. ಎಲ್ಲರೂ 'ಯಜಮಾನ್ರು' ಅಂತಲೇ ಕರೆಯೋದು. ಒಂದು ದಿನ ಸದ್ದಿನಲ್ಲಿ ಏನೋ ವ್ಯತ್ಯಾಸ ಇದೆ ಅಂತ ಮಿಷನ್ ನಿಲ್ಲಿಸಿ ನೋಡಿಸಿದ್ರು. ಚಿಕ್ಕ ದೋಷ, ನಲವತ್ತು ನಿಮಿಷದಲ್ಲಿ ಸರಿಹೋಯ್ತು. ಆದ್ರೆ ಶಿಫ್ಟ್ ಪೂರ್ತಿ ಟಿವಿಯಲ್ಲಿ ಅವರ ಹೆಸರು ಕೆಂಪು. ಹುಡುಗರೆದುರು ಬೈಸಿಕೊಂಡ್ರು, ಆ ತಿಂಗಳ ಇನ್ಸೆಂಟಿವೂ ಹೋಯ್ತು.

ಮೂರು ವಾರ ಬಿಟ್ಟು ಅದೇ ಮಿಷನ್, ನೈಟ್ ಶಿಫ್ಟ್. ಬೆಳಿಗ್ಗೆ ಇನ್ಸ್‌ಪೆಕ್ಷನ್‌ನಲ್ಲಿ ಬೋರ್ ಅಳೆದಾಗ ರಾತ್ರಿಯ ಮಾಲು ಹೆಚ್ಚುಕಮ್ಮಿ ಪೂರ್ತಿ ರಿಜೆಕ್ಟ್. ಸ್ಪಿಂಡಲ್ ಬೇರಿಂಗ್ ಹೋಗಿತ್ತು. ಮಿಷನ್ ಹನ್ನೊಂದು ದಿನ ಮಲಗಿತು. ತಮಾಷೆ ಏನಂದ್ರೆ, ರಿಜೆಕ್ಷನ್ ಎಂಟ್ರಿ ಬೆಳಿಗ್ಗೆಯೇ ಆಗೋದ್ರಿಂದ ರಾತ್ರಿಯಿಡೀ ನನ್ನ ಟಿವಿ ಹಚ್ಚಹಸಿರಾಗಿತ್ತು.

ಟೀ ಅಂಗಡಿ ಹತ್ರ ಅವರನ್ನ ಕೇಳಿದೆ, "ಯಜಮಾನ್ರೇ, ಸದ್ದು ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಸಾರ್. ಹನ್ನೆರಡೂವರೆಗೇ ಗೊತ್ತಾಯ್ತು. ನಿಲ್ಲಿಸೋಕೆ ಕೈ ಹೋಯ್ತು. ಆಮೇಲೆ ನಿಮ್ಮ ಟಿವಿ ನೋಡ್ದೆ."

ನನಗೆ ಟೀ ಕುಡಿಯೋಕಾಗಲಿಲ್ಲ.

ಟೊಯೋಟಾದ ಲೈನಿನಲ್ಲಿ ಆಂಡನ್ ಅಂತ ಒಂದು ಹಗ್ಗ ಇರ್ತಿತ್ತು. ಏನಾದ್ರೂ ತಪ್ಪು ಕಂಡ್ರೆ ಯಾವ ಕೆಲಸಗಾರ ಬೇಕಾದ್ರೂ ಎಳೆಯಬಹುದು. ಟೀಮ್ ಲೀಡರ್ ಓಡಿ ಬರ್ತಾನೆ, ಅಲ್ಲೇ ಸರಿಹೋಗದಿದ್ರೆ ಲೈನು ನಿಲ್ಲುತ್ತೆ. ಆಮೇಲೆ ಎಷ್ಟೋ ಕಡೆ ಹಗ್ಗದ ಬದಲು ಬಟನ್ ಬಂತು, ತತ್ವ ಅದೇ. ನಿಲ್ಲಿಸೋದು ಅಲ್ಲಿ ಕೆಲಸಗಾರನ ಹಕ್ಕು ಮಾತ್ರ ಅಲ್ಲ, ಕೆಲಸದ ಭಾಗ. ನಾವು ಜಪಾನಿನಿಂದ ಸೂತ್ರ ತಂದ್ವಿ, ಹಗ್ಗ ಅಲ್ಲೇ ಬಿಟ್ಟು ಬಂದ್ವಿ.

ಅಳೆಯೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಳೆಯದಿದ್ರೆ ಜೋರಾಗಿ ಮಾತಾಡಿದವನೇ ಗೆಲ್ತಾನೆ, ಅದೂ ನೋಡಿದ್ದೀನಿ. ಆದ್ರೆ ಮಿಷನ್‌ನ ಅಳತೆ ಮಿಷನ್‌ಗೇ ಇರಲಿ, ಮನುಷ್ಯನ ಸಂಬಳಕ್ಕೆ ಬೇಡ. 76 ಅಂತ ಒಂದೇ ಅಂಕಿ ತೋರಿಸೋ ಬದಲು ಎಲ್ಲಿ, ಯಾಕೆ, ಎಷ್ಟು ನಿಮಿಷ ಹೋಯ್ತು ಅಂತ ತೋರಿಸಲಿ. ನಿಲ್ಲಿಸಿದವನನ್ನ ಬೈಯೋ ಮೊದಲು ಯಾಕೆ ನಿಲ್ಲಿಸಿದೆ ಅಂತ ಕೇಳಲಿ. ಪ್ರಾಮಾಣಿಕವಾದ 62, ಹೆದರಿ ಬರೆದ 91ಕ್ಕಿಂತ ಸಾವಿರ ಪಾಲು ವಾಸಿ. ಯಾಕಂದ್ರೆ 62ನ್ನ ಸರಿ ಮಾಡಬಹುದು, 91ನ್ನ ಏನು ಮಾಡ್ತೀರಿ?

ನಾವು ಸಾಫ್ಟ್‌ವೇರ್‌ನವರು ನಗೋ ಹಾಗೇನೂ ಇಲ್ಲ ಬಿಡಿ. ಮುಚ್ಚಿದ ಬಗ್‌ಗಳ ಲೆಕ್ಕ ಹಾಕಿದ್ರೆ ಒಂದು ಬಗ್ಗನ್ನೇ ಮೂರು ಮಾಡಿ ಮುಚ್ಚೋ ಜನ ನಾವು.

ಮ್ಯಾನೇಜರ್ ಹತ್ರ ಹೋಗಿ ಇದನ್ನೆಲ್ಲಾ ಹೇಳಿದೆ. ಟಿವಿಯಿಂದ ಹೆಸರು ತೆಗೆಯೋಕೆ ಒಪ್ಪಿದ್ರು. ಇನ್ಸೆಂಟಿವ್ ಬಗ್ಗೆ "ನೋಡೋಣ" ಅಂದ್ರು. ನಮ್ಮಲ್ಲಿ "ನೋಡೋಣ" ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ. ಮುಂದಿನ ವಾರ ಮತ್ತೆ ಕೇಳ್ತೀನಿ.

ನಿಮ್ಮ ಆಫೀಸಿನಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ ಇಂಥ ಹಸಿರು ಅಂಕಿ ಯಾವುದಿದೆ? ಬಿಡುವಾದಾಗ ಬರೀರಿ.